ಮಧ್ಯಾಹ್ನಕ್ಕೆ ನಿಲ್ಲುವ ಮೇಣ

ನವೆಂಬರ್ 3, ಭಾನುವಾರ

ಮತ್ತೆ ಅದೇ ಕನಸು. ನದಿಗೋಡೆಯ ಉದ್ದಕ್ಕೂ ನನ್ನ ಮೇಣದಬತ್ತಿಗಳು ನಿಂತಿವೆ. ಪಾದ್ರಿ ಹಿಲ್ದಾರ್ದೊ ಅವರು ನಡೆದು ಬರುತ್ತಿದ್ದಂತೆ ಒಂದೊಂದೇ ಬತ್ತಿ ಸೊಂಟ ಬಿಟ್ಟು ನೀರಿನ ಕಡೆ ವಾಲುತ್ತದೆ. ನಾನು ಓಡಿಹೋಗಿ ಎತ್ತಿ ನಿಲ್ಲಿಸಿದರೆ ಬೆಂದ ಬಾಳೆಕಾಯಿಯ ಹಾಗೆ ಕೈಯಲ್ಲೇ ಜೋಲುತ್ತದೆ. ಕೊನೆಯದು ತಲೆ ಎತ್ತಿ, "ಎದಿಲ್ಮಾ, ನಮ್ಮೊಳಗೆ ಏನು ಹಾಕಿದೀಯ?" ಎಂದು ಕೇಳಿತು. ಎದ್ದಾಗ ದಿಂಬು ಒದ್ದೆಯಾಗಿತ್ತು. ನಮ್ಮ ಬಾರ್ರಾಂಕಾ ಊರಿನ ಸೆಕೆಯೋ ನನ್ನ ಭಯವೋ ಗೊತ್ತಾಗಲಿಲ್ಲ. ಕಿಟಕಿಯಾಚೆ ಎಣ್ಣೆ ರಿಫೈನರಿಯ ಬೆಂಕಿಕೊಳವೆ ಎಂದಿನಂತೆ ಬುಸುಗುಡುತ್ತಿತ್ತು. ಅದು ಯಾವತ್ತಾದರೂ ನಮ್ಮ ಮೇಲೇ ಬೀಳುತ್ತದೆ ಎಂದು ನಾನು ಚಿಕ್ಕಂದಿನಿಂದ ಹೇಳುತ್ತಿದ್ದೇನೆ, ಯಾರೂ ಕೇಳುವುದಿಲ್ಲ.

ಕನಸಿನಲ್ಲಿ ಆಗಿದ್ದು ಹೋದ ವರ್ಷ ನಿಜವಾಗಿಯೇ ಆಯಿತು. ಡಿಸೆಂಬರ್ ಏಳರ ಸಂಜೆ, ಮಾತೆಯ ಹಬ್ಬದ ಹಿಂದಿನ ದಿನ, ಊರಿಗೆ ಊರೇ ಬತ್ತಿ ಹಚ್ಚುತ್ತದೆ. ನಮ್ಮ ಕೇರಿಯವರು ಮಧ್ಯಾಹ್ನವೇ ನದಿಗೋಡೆಯ ಮೇಲೆ ಸಾಲು ನಿಲ್ಲಿಸುತ್ತಾರೆ. ಪಾದ್ರಿಗಳು ಬಂದು ಮೊದಲನೆಯದನ್ನು ಹಚ್ಚುವ ತನಕ ಸಾಲು ನೆಟ್ಟಗಿರಬೇಕು. ನಾನೂ ನನ್ನ ಜೊತೆ ಬತ್ತಿ ಹುಯ್ಯುವ ನೂಬಿಯಾಳೂ ಮಾಡಿದ್ದವೆಲ್ಲ ಬಾಗಿಹೋದವು. ಎದಿಲ್ಮಾಳ ಬತ್ತಿಗಳಿಗೆ ಮಾತೆಗಿಂತ ನದಿಯ ಮೇಲೇ ಭಕ್ತಿ ಜಾಸ್ತಿ ಅಂತೆ. ಆ ಮಾತು ಇವತ್ತಿಗೂ ಮೀನು ಮಾರುಕಟ್ಟೆಯಲ್ಲಿ ಓಡಾಡುತ್ತಿದೆ.

ಇವತ್ತು ಪೂಜೆ ಮುಗಿದ ಮೇಲೆ ಪಾದ್ರಿಗಳು ನನ್ನನ್ನು ಪಕ್ಕಕ್ಕೆ ಕರೆದರು. ಈ ಸಲವೂ ಹಾಗೇ ಆದರೆ ಮುಂದಿನ ವರ್ಷದಿಂದ ಮೆದೆಯಿನ್ ಪಟ್ಟಣದ ಕಾರ್ಖಾನೆಯ ಬತ್ತಿ ತರಿಸುವುದಾಗಿ ಮೆತ್ತಗೆ ಹೇಳಿದರು. ಬೈದಿದ್ದರೆ ವಾಸಿಯಿತ್ತು. ಕೇರಿಯ ಬತ್ತಿ ಹೋದರೆ ಚರ್ಚಿನದೂ ಹೋಗುತ್ತದೆ, ಚರ್ಚಿನದು ಹೋದರೆ ನಮ್ಮ ಒಲೆಯ ಮೇಲಿನ ಮೇಣದ ಪಾತ್ರೆಯನ್ನು ಬೋರಲು ಹಾಕುವುದೇ. ನನಗೆ ಬೇರೆ ಕಸುಬು ಬರುವುದಿಲ್ಲ.

ದಿನಾ ಏನಾದರೂ ಬರೆಯಿರಿ, ಕೈ ತಿರುಗುತ್ತದೆ, ಯಾರೂ ಓದುವುದಿಲ್ಲ ಎಂದು ದೊಡ್ಡವರಿಗೆಂದು ನಡೆಸುವ ಶನಿವಾರದ ಶಾಲೆಯ ಮೇಷ್ಟ್ರು ಹೇಳಿದ್ದಾರೆ. ಓದಿಬಿಟ್ಟರೆ? ನಾಲ್ಕನೇ ಕ್ಲಾಸಿಗೆ ಬಿಟ್ಟವಳ ಅಕ್ಷರ ನೋಡಿ ನಗುತ್ತಾರೆ. ಇದನ್ನು ಅಕ್ಕಿಡಬ್ಬಿಯ ಹಿಂದೆ ಇಡುತ್ತೇನೆ.

ನವೆಂಬರ್ 9, ಶನಿವಾರ

ಇವತ್ತು ಏನಾಯಿತು ಎಂದು ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಎಲಿಯೆಸೆರ್ ಮೇಷ್ಟ್ರು ಒಂದು ಚೀಲ ನಿಂಬೆಹಣ್ಣು ತಂದು ನಮ್ಮನ್ನೆಲ್ಲ ಅಂಗಳಕ್ಕೆ ಹೊರಡಿಸಿದರು. ನೀವೆಲ್ಲ ಈಗ ಇಂಗಾಲ, ನಿಂಬೆಹಣ್ಣು ಜಲಜನಕ ಎಂದರು. ಒಂದೊಂದು ಇಂಗಾಲಕ್ಕೂ ನಾಲ್ಕು ಕೈ ಇರುತ್ತದಂತೆ. ನಮಗಿರುವುದು ಎರಡೇ. ಆ ಎರಡರಲ್ಲಿ ಅಕ್ಕಪಕ್ಕದವರನ್ನು ಹಿಡಿಯಬೇಕು, ಮಿಕ್ಕ ಎರಡರ ಬದಲು ಜೇಬಿಗೆ ಎರಡು ನಿಂಬೆಹಣ್ಣು. ಸಾಲಿನ ತುದಿಯಲ್ಲಿರುವವರಿಗೆ ಹಿಡಿಯಲು ಒಂದೇ ಕಡೆ ಜನ, ಹಾಗಾಗಿ ಅವರಿಗೆ ಮೂರು. ಮೀನು ಮಾರುವ ಎಲಿಯೊದೊರೊ ಅಣ್ಣನನ್ನು ಒಬ್ಬನನ್ನೇ ನಿಲ್ಲಿಸಿ ನಾಲ್ಕು ಹಣ್ಣು ಕೊಟ್ಟು, ಇವನು ಮೀಥೇನ್, ಆ ಕೊಳವೆಯ ತುದಿಯಲ್ಲಿ ಉರಿಯುತ್ತಿರುವುದರಲ್ಲಿ ಹೆಚ್ಚಿನದು ಇವನೇ ಎಂದರು.

"ಮೇಷ್ಟ್ರೇ, ಹಣ್ಣು ವಾಪಸ್ ಕೊಡ್ಬೇಕಾ, ಇಲ್ಲ ಮೀನಿಗೆ ಹಿಂಡ್ಕೋಬಹುದಾ?" ಎಂದ ಎಲಿಯೊದೊರೊ.

ಮೇಷ್ಟ್ರು, ಈಗ ಎಲ್ಲರೂ ಓಡಿ ಎಂದರು. ಒಬ್ಬಂಟಿ ಮೀಥೇನ್ ಅಂಗಳದ ತುಂಬ ಓಡಿದ. ನಾಲ್ಕು ಜನರ ಸಾಲೂ ಓಡಿತು, ಅದು ನಮ್ಮ ಅಡಿಗೆ ಸಿಲಿಂಡರಿನ ಅನಿಲ. ಎಂಟು ಜನ ಸೇರಿದರೆ ಪೆಟ್ರೋಲು, ತಡವರಿಸಿಕೊಂಡು ಓಡಿತು. ಹದಿನೈದು ಹದಿನಾರು ಜನ ಡೀಸೆಲ್, ಒಬ್ಬರ ಕಾಲು ಒಬ್ಬರು ತುಳಿದುಕೊಂಡೇ ಹೋದೆವು. ಆಮೇಲೆ ಪಕ್ಕದ ಹೊಲಿಗೆ ತರಗತಿಯ ಹೆಂಗಸರನ್ನೂ ಕರೆದು ಇಪ್ಪತ್ತೈದು ಮೂವತ್ತು ಜನರ ಸಾಲು ಮಾಡಿದರು. ಆ ಸಾಲು ಓಡಲೇ ಇಲ್ಲ. ಮುಂದಿನವಳು ಎಳೆದರೆ ಹಿಂದಿನವಳು ಬಿದ್ದಳು.

"ಇದು ಯಾವುದು ಹೇಳಿ?" ಎಂದು ಕೇಳಿದರು ಮೇಷ್ಟ್ರು. ಅವರು ನನ್ನ ಕಡೆ ತಿರುಗಿ, "ಎದಿಲ್ಮಾ ಅವರೇ, ಇದು ನಿಮ್ಮ ಒಲೆ ಮೇಲಿರೋದು" ಎಂದರು.

ಮೇಣ! ಎಲ್ಲವೂ ಒಂದೇ ಕುಟುಂಬವಂತೆ, ಆಲ್ಕೇನ್ ಎಂದು ಮನೆತನದ ಹೆಸರು. ಅನಿಲ, ಪೆಟ್ರೋಲು, ಡೀಸೆಲ್, ಮೇಣ, ಎಲ್ಲ ಅದೇ ಕಚ್ಚಾ ಎಣ್ಣೆಯಿಂದ ಬಂದ ಅಕ್ಕತಂಗಿಯರು. ಸಾಲು ಉದ್ದವಾದಷ್ಟೂ ಸೋಮಾರಿ, ಸೋಮಾರಿಯಾದಷ್ಟೂ ಗಟ್ಟಿ. ನಲವತ್ತು ವರ್ಷ ಈ ಊರಿನಲ್ಲಿದ್ದೇನೆ, ಇದನ್ನು ಯಾರೂ ನನಗೆ ಹೇಳಿರಲಿಲ್ಲ.

ಕೊನೆಗೆ ಎರಡು ಉದ್ದ ಸಾಲುಗಳನ್ನು ಒತ್ತೊತ್ತಾಗಿ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿದರು. ನೋಡಿ ಹೇಗೆ ಕೂತಿವೆ, ಇದೇ ಗಟ್ಟಿ ಮೇಣ ಎಂದರು. ಆಮೇಲೆ ನಡುವಿನಲ್ಲಿದ್ದ ನನ್ನ ಒಂದು ಜೇಬಿನ ಹಣ್ಣು ತೆಗೆಸಿ, ಅದರ ಜಾಗಕ್ಕೆ ಎಲಿಯೊದೊರೊನನ್ನು ಕೊಂಬೆಯ ಹಾಗೆ ತಗುಲಿಹಾಕಿದರು. ಅವನ ಹೊಟ್ಟೆ ಅಡ್ಡ ಬಂದು ಸಾಲುಗಳು ಸೇರಲೇ ಇಲ್ಲ. ಕೊಂಬೆ ಇದ್ದರೆ ಮೇಣ ಮೆತ್ತಗೆ. ಮಧ್ಯೆ ಎಣ್ಣೆಯ ಗಿಡ್ಡ ಸಾಲುಗಳು ನುಸುಳಿದರೂ ಮೆತ್ತಗೆ.

ನಾನು ಮನೆಗೆ ಬರುವ ತನಕ ಜೇಬಿನಲ್ಲಿ ನಿಂಬೆಹಣ್ಣು ಇದ್ದದ್ದೇ ಮರೆತಿದ್ದೆ. ಕದ್ದೆ ಎಂದುಕೊಳ್ಳುತ್ತಾರೇನೋ. ಸೋಮವಾರ ಮೇಷ್ಟ್ರ ಮನೆಗೇ ಹೋಗಿ ಕೊಡಬೇಕು.

ನವೆಂಬರ್ 11, ಸೋಮವಾರ

ನಿಂಬೆಹಣ್ಣು ಕೊಟ್ಟೆ. ಮೇಷ್ಟ್ರು ನಕ್ಕರು.

ನೂಬಿಯಾಗೆ ಎಲ್ಲ ಹೇಳಿದೆ. ಅವಳು ನನ್ನ ಮಗಳು ಯುರಾನಿಯ ಜ್ಞಾನಸ್ನಾನದಲ್ಲಿ ತಾಯಿಯ ಜಾಗದಲ್ಲಿ ನಿಂತವಳು, ಅಂದಿನಿಂದ ನಮ್ಮಿಬ್ಬರ ನಡುವೆ ಕೊಮಾದ್ರೆ, ಅಂದರೆ ಜೊತೆತಾಯಿ, ಎಂಬುದೇ ಹೆಸರು. ನಾನು ಸಾಲು, ಕೊಂಬೆ, ಗಿಡ್ಡ ಎಣ್ಣೆ ಎಂದು ವಿವರಿಸುವಾಗ ಅವಳು ನೂಲು ಕತ್ತರಿಸುವುದನ್ನು ನಿಲ್ಲಿಸಲೇ ಇಲ್ಲ.

"ಕೊಮಾದ್ರೆ, ನಮ್ಮಮ್ಮ ಒಂದಕ್ಷರ ಕಲೀದೆ ಬತ್ತಿ ಹುಯ್ತಿದ್ಳು ಕಣೇ. ನೀನು ಕಾಲೇಜಿಗೆ ಹೋದ್ಮೇಲೆ ಬಾಗಕ್ಕೆ ಶುರುವಾಗಿದ್ದು."

ಕಾಲೇಜಲ್ಲ, ಶನಿವಾರದ ಶಾಲೆ ಎಂದೆ. ಸೇರಿದ್ದು ಈ ಆಗಸ್ಟಿನಲ್ಲಿ, ಬಾಗಿದ್ದು ಹೋದ ಡಿಸೆಂಬರಿನಲ್ಲಿ ಎಂದೂ ಹೇಳಬೇಕಿತ್ತು, ಅದು ಈಗ ಹೊಳೆಯುತ್ತಿದೆ.

ಅವಳದೇ ಉಪಾಯ ಅವಳಿಗೆ. ಹುಯ್ದ ಬತ್ತಿಗಳನ್ನು ಅವಳ ತಮ್ಮನ ಅಂಗಡಿಯ ಫ್ರಿಜ್ಜಿನಲ್ಲಿ ಬಿಯರ್ ಬಾಟಲಿಗಳ ಮಧ್ಯೆ ನಿಲ್ಲಿಸಿದಳು. ಚಳಿಗೆ ಗಟ್ಟಿಯಾದರೆ ಗಟ್ಟಿಯಾಗಿಯೇ ಇರುತ್ತದೆಂದು ಅವಳ ಲೆಕ್ಕ. ತೆಗೆದು ಹೊರಗಿಟ್ಟ ಸ್ವಲ್ಪ ಹೊತ್ತಿಗೆ ಟಪ್ ಟಪ್ ಎಂದು ಅಡ್ಡಡ್ಡ ಸೀಳಿದವು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನೂಬಿಯಾ ನನ್ನ ಮೇಲೆ ಕೋಪ ಮಾಡಿಕೊಂಡಳು, ಸೀಳಿಸಿದ್ದು ನಾನೇ ಎಂಬಂತೆ.

ನವೆಂಬರ್ 16, ಶನಿವಾರ

ನಮ್ಮ ಹಳದಿ ಮೇಣದ ಒಂದು ಗಡ್ಡೆ ಶಾಲೆಗೆ ಒಯ್ದಿದ್ದೆ. ಮೇಷ್ಟ್ರು, ತಮಗೆ ಬತ್ತಿ ಮಾಡುವುದು ಗೊತ್ತಿಲ್ಲ, ಆದರೂ ನೋಡೋಣ ಎಂದು ಅದರ ಚೂರನ್ನು ಹಳೇ ಪತ್ರಿಕೆಯ ಮಧ್ಯೆ ಇಟ್ಟು ಮೇಲೆ ಎರಡು ಇಟ್ಟಿಗೆ ಹೇರಿ ಬಿಸಿಲಿಗೆ ಇಟ್ಟರು. ತರಗತಿ ಮುಗಿಯುವಷ್ಟರಲ್ಲಿ ಕಾಗದದ ಮೇಲೆ ದೊಡ್ಡ ಎಣ್ಣೆಕಲೆ, ಕರಿದ ಬುನ್ಯೂಯೆಲೊ ವಡೆ ಇಟ್ಟ ಹಾಗೆ. ನಾವು ಕೊಳ್ಳುವುದು ಅರ್ಧ ಶುದ್ಧಿ ಮಾಡಿದ್ದು, ಎಣ್ಣೆ ಇನ್ನೂ ಪೂರ್ತಿ ಬಿಟ್ಟಿಲ್ಲ ಎಂದರು. ಬೆಂಕಿಕಡ್ಡಿಗೆ, ರಟ್ಟಿನ ಪೆಟ್ಟಿಗೆಗೆ ಬಳಿಯುವುದಕ್ಕೆಲ್ಲ ಅದು ನಡೆಯುತ್ತದಂತೆ.

ಹಾಗಾದರೆ ನೂಬಿಯಾಳ ಅಮ್ಮನ ಬತ್ತಿ ಹೇಗೆ ನಿಲ್ಲುತ್ತಿತ್ತು ಎಂದು ಕೇಳಿದೆ. ಆಕೆ ಬತ್ತಿ ಎಲ್ಲಿ ನಿಲ್ಲಿಸುತ್ತಿದ್ದರು ಎಂದು ಮೇಷ್ಟ್ರು ನನ್ನನ್ನೇ ಕೇಳಿದರು. ಮನೆಬಾಗಿಲಿನಲ್ಲಿ, ಹಲಗೆಯ ಮೇಲೆ, ಕತ್ತಲಾದ ಮೇಲೆ ಎಂದೆ. ನದಿಗೋಡೆ ಕಟ್ಟಿದ್ದೇ ಮೊನ್ನೆ ಮೊನ್ನೆ, ಹೋದ ವರ್ಷವೇ ಅದರ ಮೇಲೆ ಮೊದಲ ಸಾಲು. ಅಷ್ಟರಲ್ಲಿ ಗಂಟೆ ಹೊಡೆಯಿತು. ಬಸ್ಸಿನಲ್ಲಿ ಪೂರ್ತಿ ದಾರಿ ತಲೆಯಲ್ಲಿ ಅದೇ ತಿರುಗುತ್ತಿತ್ತು.

ನವೆಂಬರ್ 18, ಸೋಮವಾರ

ಸಿಕ್ಕಿತು. ಸಿಕ್ಕಿತು ಎಂದು ಬರೆದಿದ್ದೇನೆ, ತಪ್ಪಿದ್ದರೂ ಇರಬಹುದು.

ಈ ಊರಿನಲ್ಲಿ ಮೇಣ ಕರಗಿಸುವವರೆಲ್ಲ ನಸುಕಿಗೇ ಏಳುತ್ತಾರೆ. ಬಿಸಿಲೇರಿದ ಮೇಲೆ ಒಲೆಯ ಮುಂದೆ ಯಾರು ನಿಲ್ಲುತ್ತಾರೆ? ತಣ್ಣನೆ ಹೊತ್ತಿನಲ್ಲಿ ಹುಯ್ಯುತ್ತೇವೆ, ತಣ್ಣನೆ ಹೊತ್ತಿನಲ್ಲೇ ಉಗುರಿನಿಂದ ಒತ್ತಿ ನೋಡುತ್ತೇವೆ. ಉಗುರು ಇಳಿಯದಿದ್ದರೆ ಒಳ್ಳೆ ಬತ್ತಿ. ಅಮ್ಮಂದಿರಿಂದ ಬಂದ ಪರೀಕ್ಷೆ. ಆ ಹೊತ್ತಿಗೆ ಯಾವ ಮೇಣ ತಾನೇ ಗಟ್ಟಿ ಇರುವುದಿಲ್ಲ, ನಾನೂ ಆ ಹೊತ್ತಿಗೆ ಗಟ್ಟಿ ಇರುತ್ತೇನೆ. ಗೋಡೆಯ ಮೇಲೆ ನಿಲ್ಲಬೇಕಾದದ್ದು ಮಧ್ಯಾಹ್ನ, ನಾವು ನೋಡಿದ್ದು ಬೆಳಿಗ್ಗೆ.

ಇವತ್ತು ಊಟದ ಹೊತ್ತಿಗೆ ಒಂದು ಬತ್ತಿ ಹಿಡಿದುಕೊಂಡು ನದಿಗೋಡೆಗೆ ಹೋದೆ. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ, ಇಗುವಾನಾ ಓತಿಗಳು ಕೂಡ ಮರದ ನೆರಳಿಗೆ ಸೇರಿದ್ದವು. ಗೋಡೆಗೆ ಕೈ ಇಟ್ಟರೆ ಚುರ್ ಎಂದಿತು. ಬತ್ತಿ ನಿಲ್ಲಿಸಿ ನೋಡುತ್ತ ಕುಳಿತೆ. ಬುಡ ಮೊದಲು ಬೆವರಿತು, ಆಮೇಲೆ ನಿಧಾನವಾಗಿ, ಮರ್ಯಾದೆಯಿಂದ, ನದಿಗೆ ನಮಸ್ಕಾರ ಮಾಡಿತು. ನಾನು ಒಬ್ಬಳೇ ಜೋರಾಗಿ ನಕ್ಕುಬಿಟ್ಟೆ. ದೋಣಿಯವನೊಬ್ಬ ತಿರುಗಿ ನೋಡಿದ.

ನೂಬಿಯಾಳನ್ನು ಎಳೆದುಕೊಂಡು ಬಂದು ಎರಡನೆಯದನ್ನು ತೋರಿಸಿದೆ. ಅವಳು ಬಾಗಿದ ಬತ್ತಿಯನ್ನು ಎತ್ತಿ ಉಗುರಿನಿಂದ ಒತ್ತಿದಳು. ಆಮೇಲೆ, ಹಬ್ಬಕ್ಕೆ ಬೇಕಾದಷ್ಟೂ ಹಳದಿ ಮೇಣ ತಂದು ಮನೆಯಲ್ಲಿ ಪೇರಿಸಿಟ್ಟಾಗಿದೆ ಎಂದಳು.

ನವೆಂಬರ್ 20, ಬುಧವಾರ

ಮೇಣದ ಅಂಗಡಿಯ ಆನ್ಸೆಲ್ಮೊ ಹಳದಿ ವಾಪಸ್ ತೆಗೆದುಕೊಳ್ಳುವುದಿಲ್ಲ. ಇಡೀ ದಿನ ತಲೆನೋವು. ಪಾದ್ರಿಗಳಿಗೆ ಈಗಲೇ ಹೇಳಿ ಕೈ ಮುಗಿದುಬಿಡೋಣವೇ?

ನವೆಂಬರ್ 21, ಗುರುವಾರ

ಎಲಿಯೊದೊರೊ ಅಣ್ಣ ದೇವರ ಹಾಗೆ ಬಂದ. ಅವನ ಕಡೆಯ ಬೆಸ್ತರಿಗೆ ದೋಣಿಯ ಸಂದಿಗೆ ತುಂಬಲು, ಹಗ್ಗಕ್ಕೆ ಉಜ್ಜಲು ಮೆತ್ತನೆ ಮೇಣವೇ ಬೇಕಂತೆ. ಗಟ್ಟಿಯದು ದೋಣಿ ಅಲುಗಿದರೆ ಉದುರಿಹೋಗುತ್ತದೆ. ಹಳದಿಯನ್ನೆಲ್ಲ ಎತ್ತಿಕೊಂಡು ಹೋದರು. ಎಣ್ಣೆ ಪೂರ್ತಿ ತೆಗೆದ ಬಿಳಿ ಮೇಣ ತರುವಷ್ಟು ದುಡ್ಡು ನಮ್ಮ ಕೈಗೆ ಸಿಕ್ಕಿತು.

"ಎದಿಲ್ಮಕ್ಕ, ನನ್ನ ಹೊಟ್ಟೆಯಿಂದ ಮೇಣ ಮೆತ್ತಗಾಗಿದ್ದಕ್ಕೆ ಇದು ದಂಡ ಅನ್ಕೊ" ಎಂದು ಹೇಳಿ ಹೋದ.

ನವೆಂಬರ್ 23, ಶನಿವಾರ

ರಿಫೈನರಿಯ ಒಳಗೆ ಹೋಗಿ ಬಂದೆ. ನಾನು!

ಶಾಲೆಯಿಂದ ಬಸ್ಸಿನಲ್ಲಿ ಕರೆದುಕೊಂಡು ಹೋದರು. ತಲೆಗೆ ಟೋಪಿ, ಕಣ್ಣಿಗೆ ಕನ್ನಡಕ. ಯುರಾನಿ, ಅಮ್ಮ ಇದನ್ನು ಹಾಕಿಕೊಂಡು ಒಂದು ಫೋಟೋ ತೆಗೆಸಿಕೋ ಎಂದಿದ್ದಳು, ಫೋನು ಬಾಗಿಲಲ್ಲೇ ತೆಗೆದುಕೊಂಡರು.

ಗೋಪುರದ ಬುಡದಲ್ಲಿ ನಿಂತೆ. ಕಚ್ಚಾ ಎಣ್ಣೆಯನ್ನು ಕುಲುಮೆಯಲ್ಲಿ ಕಾಯಿಸಿ ಒಳಗೆ ಬಿಡುತ್ತಾರೆ. ಗಿಡ್ಡ ಸಾಲುಗಳು ಆವಿಯಾಗಿ ತುದಿಯವರೆಗೂ ಹಾರುತ್ತವೆ, ನಡುವಿನವು ನಡುವಿನ ತಟ್ಟೆಗಳಲ್ಲಿ ಇಳಿದುಕೊಳ್ಳುತ್ತವೆ, ಉದ್ದದವು ಭಾರಕ್ಕೆ ತಳದಲ್ಲೇ ಉಳಿಯುತ್ತವೆ. ಅಂಗಳದಲ್ಲಿ ನಾವು ಓಡಿದ್ದೇ ಇದು, ಇಲ್ಲಿ ಸಾಲುಗಳು ಮೇಲಕ್ಕೆ ಓಡುತ್ತವೆ ಅಷ್ಟೆ. ತಳದವನ್ನು ಇನ್ನೂ ಕಾಯಿಸಿದರೆ ಸಾಲೇ ಹರಿದುಹೋಗುತ್ತದಂತೆ. ಅದಕ್ಕೆ ಇನ್ನೊಂದು ಗೋಪುರದಲ್ಲಿ ಗಾಳಿಯನ್ನು ಹೀರಿ ತೆಗೆದುಬಿಡುತ್ತಾರೆ. ಮೇಲಿಂದ ಒತ್ತುವವರು ಯಾರೂ ಇಲ್ಲದಿದ್ದರೆ ಭಾರದವು ಕೂಡ ಹೆಚ್ಚು ಬೆಂಕಿಯಿಲ್ಲದೆ ಏಳುತ್ತವೆ. ಇದನ್ನು ಕೇಳಿ ಯಾಕೋ ಕಣ್ಣಲ್ಲಿ ನೀರು ಬಂತು. ಕನ್ನಡಕವಿದ್ದದ್ದು ಒಳ್ಳೆಯದಾಯಿತು.

ಮೇಣದ ಕಡೆ ಮಗ್ನೋಲಿಯಾ ಎಂಬ ಹುಡುಗಿ ಎಲ್ಲ ತೋರಿಸಿದಳು. ಎಣ್ಣೆಯನ್ನು ದ್ರಾವಕದಲ್ಲಿ ಕಲಸಿ ಚೆನ್ನಾಗಿ ತಣ್ಣಗೆ ಮಾಡುತ್ತಾರೆ, ಮೇಣ ಹರಳುಗಟ್ಟುತ್ತದೆ, ಬಟ್ಟೆ ಸುತ್ತಿದ ದೊಡ್ಡ ಉರುಳೆ ತಿರುಗುತ್ತ ಅದನ್ನು ಸೋಸಿಕೊಳ್ಳುತ್ತದೆ, ಹಾಲಿನ ಕೆನೆ ಬಳಿದ ಹಾಗೆ ಒಂದು ಅಲಗು ಅದನ್ನು ಬಳಿಯುತ್ತದೆ. ಯಾರಾದರೂ ಏನಾದರೂ ಕೇಳುವುದಿದೆಯೇ ಎಂದಳು. ಎಲ್ಲರೂ ಬೂಟು ನೋಡಿಕೊಂಡರು. ನಾನು ಕೇಳಿದೆ. ಮೇಣದಲ್ಲಿ ಎಣ್ಣೆ ಎಷ್ಟು ಉಳಿದಿದೆ ಎಂದು ಹೇಗೆ ತಿಳಿಯುತ್ತೀರಿ, ಮಧ್ಯಾಹ್ನದ ಕಾದ ಗೋಡೆಯ ಮೇಲೆ ನಿಲ್ಲಲು ಯಾವುದು ಬೇಕು ಎಂದೆ. ಅವಳು ಖುಷಿಯಾಗಿ, ಬಿಳಿಯದರಲ್ಲೂ ಎರಡು ಮೂರು ಬಗೆ ಇವೆ, ಚೀಲದ ಮೇಲೆ ಕರಗುವ ಬಿಸಿ ಬರೆದಿರುತ್ತೆ, ಅರವತ್ತು ಡಿಗ್ರಿ ಇರುವುದನ್ನು ಆರಿಸಿಕೊಳ್ಳಿ ಅಮ್ಮ ಎಂದಳು. ನಾನು ಇನ್ನೂ ಎರಡು ಕೇಳಿದೆ. ಬಸ್ಸು ನನಗಾಗಿ ಕಾಯಬೇಕಾಯಿತು, ಎಲಿಯೊದೊರೊ ಕಿಟಕಿಯಿಂದ ಹಾರ್ನ್ ಹಾಗೆ ಕೂಗುತ್ತಿದ್ದ.

ನವೆಂಬರ್ 26, ಮಂಗಳವಾರ

ಅರವತ್ತರ ಮೇಣ ಹುಯ್ದೆವು. ಮಧ್ಯಾಹ್ನ ಗೋಡೆಯ ಮೇಲೆ ಸಿಪಾಯಿಯ ಹಾಗೆ ನಿಂತಿತು. ನೂಬಿಯಾ ಅದರ ಪಕ್ಕ ತಾನೂ ನೆಟ್ಟಗೆ ನಿಂತು ಸಲಾಂ ಹೊಡೆದಳು.

ಸಂಜೆ ಹಚ್ಚಿದೆವು. ಜ್ವಾಲೆ ತಾನೇ ತೋಡಿದ ಗುಂಡಿಯಲ್ಲಿ ಕುಗ್ಗಿ ಕುಳಿತು ಆರಿಹೋಯಿತು. ಇನ್ನೊಂದು, ಅದೂ ಆರಿತು. ನಿಲ್ಲುತ್ತದೆ, ಉರಿಯುವುದಿಲ್ಲ.

ನವೆಂಬರ್ 27, ಬುಧವಾರ

ಬರೆಯಲು ಮನಸ್ಸಿಲ್ಲ.

ನವೆಂಬರ್ 28, ಗುರುವಾರ

ಇದು ನೂಬಿಯಾ ಕಂಡುಹಿಡಿದದ್ದು, ಹಾಗೆಂದೇ ಬರೆಯುತ್ತೇನೆ. ಗಟ್ಟಿ ಮೇಣ ಕರಗಬೇಕಾದರೆ ಬೆಂಕಿ ದೊಡ್ಡದಾಗಬೇಕು, ಬೆಂಕಿ ದೊಡ್ಡದಾಗಬೇಕಾದರೆ ನೂಲು ದಪ್ಪ ಬೇಕು. ನಾವು ಹಳದಿಗೆ ಹಾಕುತ್ತಿದ್ದ ತೆಳು ನೂಲನ್ನೇ ಹಾಕಿದ್ದೆವು. ಅವಳು ಮೂರೆಳೆ ಸೇರಿಸಿ, ಯುರಾನಿಯ ಜಡೆ ಹೆಣೆಯುತ್ತಿದ್ದ ಹಾಗೆ ಹೆಣೆದು ಹಾಕಿದಳು. ಉರಿಯಿತು. ಚೆಂದಕ್ಕೆ, ಹೊಗೆಯಿಲ್ಲದೆ, ಕೊನೆಯವರೆಗೂ.

"ಹೇಳು ನಿಮ್ಮ ಮೇಷ್ಟ್ರಿಗೆ, ನಿಂಬೆಹಣ್ಣಿಲ್ದೇನೇ ಹೊಳೀತು ಅಂತ" ಎಂದಳು.

ಆಮೇಲೆ ಹೆಣೆಯುತ್ತಲೇ, ಆ ಕೊಂಬೆ ಇರುತ್ತಲ್ಲ, ಅದು ಹೇಗೆ ಮೆತ್ತಗೆ ಮಾಡುತ್ತೆ ಇನ್ನೊಮ್ಮೆ ಹೇಳು ಎಂದಳು. ಹೇಳಿದೆ. ಕತ್ತಲಾಗುವ ತನಕ ಹೇಳಿದೆ.

ಡಿಸೆಂಬರ್ 2, ಸೋಮವಾರ

ಹುಯ್ಯುವುದು, ಹೆಣೆಯುವುದು, ಹುಯ್ಯುವುದು. ಬೆರಳ ತುದಿಗಳೆಲ್ಲ ಮೇಣ. ನಸುಕಿಗೆ ಹುಯ್ದರೂ ಮಧ್ಯಾಹ್ನಕ್ಕೇ ಪರೀಕ್ಷೆ, ಪ್ರತಿ ಪಾತ್ರೆಯಿಂದ ಒಂದನ್ನು ಗೋಡೆಗೆ ಒಯ್ಯುತ್ತೇನೆ. ದೋಣಿಯವರು ಈಗ ನಾನು ಬರುವುದನ್ನು ಕಾಯುತ್ತಾರೆ. ನಿಂತಿದೆಯೇ ಎಂದು ನೀರಿನಿಂದಲೇ ಕೈಸನ್ನೆ ಮಾಡುತ್ತಾರೆ, ನಿಂತಿದೆ ಎಂದು ನಾನೂ ಮಾಡುತ್ತೇನೆ.

ಒಂದೇ ಭಯ. ಅವತ್ತು ಬಿಸಿಲು ಇನ್ನೂ ಜಾಸ್ತಿ ಇದ್ದರೆ?

ಡಿಸೆಂಬರ್ 7, ಶನಿವಾರ

ನಿಂತವು.

ಮಧ್ಯಾಹ್ನ ಸಾಲು ನಿಲ್ಲಿಸುವಾಗಲೇ ಜನ ಸೇರಿದರು, ಬತ್ತಿ ನೋಡಲಿಕ್ಕಲ್ಲ, ಬಾಗುವುದನ್ನು ನೋಡಲಿಕ್ಕೆ. ಮಾರುಕಟ್ಟೆಯ ಹೆಂಗಸರು ಕೊಡೆ ಹಿಡಿದು ಕುರ್ಚಿ ಹಾಕಿಕೊಂಡೇ ಕುಳಿತರು. ಒಬ್ಬಳು, ನದಿಗೆ ಪೂಜೆ ಎಷ್ಟು ಹೊತ್ತಿಗೆ ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ನೂಬಿಯಾ ತಿರುಗಿದಳು.

"ಕೂತ್ಕೊ ಕೂತ್ಕೊ. ನೀನು ಬಿಸಿಲಿಗೆ ಬಾಗೋವರ್ಗೂ ಇವು ಬಾಗಲ್ಲ."

ಹೊತ್ತು ಇಳಿಯುತ್ತ ಬಂತು. ಗೋಡೆ ಕಾದು ಹಂಚಾಗಿತ್ತು. ಒಂದು ಬತ್ತಿ ಅಲುಗಿತು ಎಂದು ಯಾರೋ ಕೂಗಿದರು. ಹೋಗಿ ನೋಡಿದರೆ ಹಲ್ಲಿಯೊಂದು ಅದರ ಹಿಂದಿನಿಂದ ಹೊರಟುಹೋಯಿತು. ಬತ್ತಿ ನೆಟ್ಟಗೇ ಇತ್ತು. ಎಲ್ಲವೂ ನೆಟ್ಟಗಿದ್ದವು, ತಿರುವಿನವರೆಗೂ, ಬಿಳಿಯ ಬೇಲಿಯ ಹಾಗೆ. ಸಂಜೆಯಾಗುತ್ತಿದ್ದಂತೆ ಕುರ್ಚಿಯ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದು ಉಗುರಿನಿಂದ ಒತ್ತಿ ನೋಡಿದರು. ನದಿಪೂಜೆ ಕೇಳಿದವಳೇ ಎರಡು ಕಟ್ಟು ಮನೆಗೂ ಬೇಕೆಂದಳು.

ಪಾದ್ರಿಗಳು ಬಂದರು. ಸಾಲನ್ನು ಈ ಕಡೆಯಿಂದ ಆ ಕಡೆಗೆ ನೋಡಿದರು. ಬೆಂಕಿಪೊಟ್ಟಣವನ್ನು ನನ್ನ ಕೈಗೆ ಕೊಟ್ಟರು. ಮೊದಲನೆಯದನ್ನು ಯಾವಾಗಲೂ ಅವರೇ ಹಚ್ಚುವುದು. ನನ್ನ ಕೈ ನಡುಗಲಿಲ್ಲ, ಗಾಳಿ ಇತ್ತು, ಅದಕ್ಕೆ ಎರಡು ಕಡ್ಡಿ ಬೇಕಾಯಿತು.

ಆಮೇಲೆ ಊರೆಲ್ಲ ಬಗ್ಗಿ ಹಚ್ಚಿತು. ಒಬ್ಬೊಬ್ಬರಿಗೆ ಒಂದೊಂದು ಬತ್ತಿ, ಇರುವವರಿಗೆ, ಹೋದವರಿಗೆ, ಮನೆಗೆ ತಿರುಗಿ ಬಾರದವರಿಗೆ. ನದಿಯ ನೀರೂ ಹತ್ತಿಕೊಂಡ ಹಾಗೆ ಕಂಡಿತು. ನಾನು ಸಾಲಿನುದ್ದಕ್ಕೂ ಓಡಾಡಿ ಯಾವ ನೂಲು ಹೊಗೆ ಬಿಡುತ್ತಿದೆ, ಯಾವುದರ ಕಡೆ ಗಾಳಿ ಹೆಚ್ಚಿದೆ ಎಂದು ನೋಡುತ್ತಿದ್ದೆ.

ಮನೆಗೆ ಬಂದ ಮೇಲೆ ನೆನಪಾಯಿತು, ನಾನು ಏನನ್ನೂ ಬೇಡಿಕೊಳ್ಳಲೇ ಇಲ್ಲ. ಪ್ರತಿ ವರ್ಷ ಮಾತೆಯ ಮುಂದೆ ಉದ್ದದ ಪಟ್ಟಿ ಒಪ್ಪಿಸುತ್ತೇನೆ: ಹಡಗೆಳೆಯುವ ಟಗ್ ದೋಣಿಯಲ್ಲಿ ಕೆಲಸಕ್ಕಿರುವ ಗಂಡ ಮುಳುಗದಿರಲಿ, ಯುರಾನಿಗೆ ಜ್ವರ ಬಾರದಿರಲಿ, ಮನೆಗೆ ಬೆಂಕಿ ಬೀಳದಿರಲಿ, ನನಗೆ ಹುಚ್ಚು ಹಿಡಿಯದಿರಲಿ. ಈ ಸಲ ಒಂದೂ ಕೇಳಲಿಲ್ಲ. ಮಾತೆಗೆ ಬೇಜಾರಾಗಿರುತ್ತದೆಯೇ? ನಾಳೆ ಬೆಳಿಗ್ಗೆ ಹೋಗಿ ಕೇಳಬೇಕು. ಈಗ ಕಣ್ಣು ಎಳೆಯುತ್ತಿದೆ.

ಡಿಸೆಂಬರ್ 8, ಭಾನುವಾರ

ಎಚ್ಚರವಾಗುವಾಗ ಬಿಸಿಲು ಹಾಸಿಗೆಗೆ ಬಂದಿತ್ತು. ಪೂಜೆಗೆ ತಡವಾಗಿ ಹೋದೆ, ಬೇಡಿಕೊಳ್ಳುವ ಪಟ್ಟಿ ಅರ್ಧದಲ್ಲೇ ನಿಂತಿತು, ಏಕೆಂದರೆ ಪಾದ್ರಿಗಳು ಫೋನು ಹಿಡಿದುಕೊಂಡು ಸನ್ನೆ ಮಾಡಿ ಕರೆದರು. ಮೆದೆಯಿನ್ ಮಾತು ಮುಗಿಯಿತು ಎಂದು ಹೇಳಿ, ಫೋನನ್ನು ನನ್ನ ಕಿವಿಗೇ ಇಟ್ಟರು.

ನದಿಯ ಕೆಳಗಿನ ಊರಾದ ಎಲ್ ಬಾಂಕೊದ ಪಾದ್ರಿಗಳು ಮಾತಾಡುತ್ತಿದ್ದರು. ನಮ್ಮ ಪಾದ್ರಿಗಳ ಗೆಳೆಯರಂತೆ. ಫೆಬ್ರವರಿಯಲ್ಲಿ ಅವರಲ್ಲಿ ದೀಪಮಾತೆಯ ಹಬ್ಬ. ಚರ್ಚಿನ ಮೆಟ್ಟಿಲುಗಳ ಮೇಲೆ ಹಗಲಿಡೀ ಬತ್ತಿ ನಿಲ್ಲಿಸಬೇಕು, ನಮ್ಮದಕ್ಕಿಂತ ಎರಡರಷ್ಟು. ಮಾಡಿಕೊಡುತ್ತೀರಾ ಎಂದರು. ಹಿಂದೆ ನಿಂತಿದ್ದ ನೂಬಿಯಾ, ಹೂಂ ಅನ್ನು ಹೂಂ ಅನ್ನು ಎಂದು ನನ್ನ ಸೊಂಟ ತಿವಿಯುತ್ತಿದ್ದಳು.

ನಾನು ಹೂಂ ಎನ್ನಲಿಲ್ಲ. ನಿಮ್ಮ ಮೆಟ್ಟಿಲು ಕಲ್ಲಿನದೋ ಸಿಮೆಂಟಿನದೋ ಎಂದು ಕೇಳಿದೆ. ಕಲ್ಲು, ಕರಿಯದು ಎಂದರು. ಎಷ್ಟು ಕಾಯುತ್ತದೆ ಎಂದೆ. ಈಗಷ್ಟೇ ಅದರ ಮೇಲೆ ನಡೆದು ಬಂದೆ, ತಂಪಾಗಿಯೇ ಇತ್ತು ಎಂದರು. ಆಗ ಗಂಟೆ ಒಂಬತ್ತೂ ಆಗಿರಲಿಲ್ಲ.

"ಸ್ವಾಮಿ, ತಪ್ಪು ತಿಳೀಬೇಡಿ," ಎಂದೆ. "ಊಟ ಆದ್ಮೇಲೆ, ಬಿಸಿಲು ನೆತ್ತಿ ಮೇಲಿರೋವಾಗ, ಚಪ್ಪಲಿ ಬಿಟ್ಟು ಆ ಮೆಟ್ಲು ಮೇಲೆ ಇನ್ನೊಂದ್ಸಲ ನಿಂತು ನೋಡಿ ಹೇಳ್ತೀರಾ?"